ಗಂಡ ಯುದ್ಧಕ್ಕೆ ಹೋದ ಮೇಲೆ ಮನೆಗೆ ಯಾರು ದಿಕ್ಕು?

ಯುದ್ಧದಲ್ಲಿ ಸತ್ತವನ ಹೆಂಡತಿ ಮಕ್ಕಳನ್ನು ಸರ್ಕಾರ ನೋಡಿಕೊಳ್ಳಬೇಕು ಅಂತ ಇವತ್ತು ಯಾರನ್ನು ಕೇಳಿದರೂ ಹೇಳುತ್ತಾರೆ. ಇಂಗ್ಲೆಂಡಿನ ಪಾರ್ಲಿಮೆಂಟ್ ಈ ಮಾತನ್ನು ಬಾಯಿಬಿಟ್ಟು ಒಪ್ಪಿಕೊಂಡಿದ್ದು 1642ರಲ್ಲಿ. ಅದೂ ತನ್ನ ರಾಜ 1ನೇ ಚಾರ್ಲ್ಸ್‌ನ ಮೇಲೇ ಯುದ್ಧಕ್ಕೆ ಇಳಿದು, ಸೇನೆಗೆ ಜನ ಬೇಕಾಗಿದ್ದಾಗ.

ಅದಕ್ಕೂ ಮೊದಲು ಏನಿತ್ತು? ಬಡವರಿಗೆ ಒಂದಿಷ್ಟು ಅನ್ನ, ಆಸರೆ ಕೊಡುತ್ತಿದ್ದ ಕ್ರೈಸ್ತ ಮಠಗಳನ್ನು 8ನೇ ಹೆನ್ರಿ 1536ರಿಂದ 1540ರೊಳಗೆ ಮುಚ್ಚಿಸಿಬಿಟ್ಟಿದ್ದ. ಆಮೇಲೆ ಬಂದಿದ್ದು 1ನೇ ಎಲಿಜಬೆತ್ ರಾಣಿಯ ಕಾಲದ ಯುದ್ಧಗಳು. 1588ರಲ್ಲಿ ಸ್ಪೇನಿನ ನೌಕಾಪಡೆಯನ್ನು ಹಿಮ್ಮೆಟ್ಟಿಸಿದ ನಾವಿಕರಲ್ಲಿ ಎಷ್ಟೋ ಜನ ಸಂಬಳ ಸಿಗದೆ, ಜ್ವರ ಹಿಡಿದು ಬಂದರಿನ ಬೀದಿಗಳಲ್ಲೇ ಸತ್ತರು. ಮರುವರ್ಷ ದಂಡಯಾತ್ರೆಯಿಂದ ಬರಿಗೈಲಿ ಮರಳಿದ ಸೈನಿಕರು ಲಂಡನ್ನಿನಲ್ಲಿ ಗಲಾಟೆ ಎಬ್ಬಿಸಿದರು, ಕೆಲವರನ್ನು ಗಲ್ಲಿಗೇರಿಸಲಾಯಿತು.

ಕನಿಕರ ಮತ್ತು ಭಯ ಎರಡೂ ಸೇರಿ ಹುಟ್ಟಿದ್ದು 1593ರ ಕಾಯ್ದೆ. ಪ್ರತಿ ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಬರುವ ಊರು, ವಾರವಾರ ಇಷ್ಟು ಪೆನ್ನಿ ಅಂತ ತೆರಿಗೆ ಕೊಡಬೇಕು. ಆ ಹಣದಲ್ಲಿ ಯುದ್ಧದಲ್ಲಿ ಕೈಕಾಲು ಕಳೆದುಕೊಂಡವರಿಗೆ ಕೌಂಟಿಯಿಂದ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತದಿಂದ, ಪಿಂಚಣಿ. ಸಾಮಾನ್ಯ ಸೈನಿಕನಿಗೆ ವರ್ಷಕ್ಕೆ ಹೆಚ್ಚೆಂದರೆ 10 ಪೌಂಡ್. ದಾನ ಧರ್ಮಕ್ಕೆ ಬಿಡದೆ ತೆರಿಗೆ ಹಾಕಿ ಕೊಟ್ಟಿದ್ದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಇದರಲ್ಲಿ ಹೆಂಡತಿಯ ಮಾತೇ ಇರಲಿಲ್ಲ. ಒಂದು ಕಾಲು ಕಳೆದುಕೊಂಡು ಬಂದರೆ ಪಿಂಚಣಿ, ಸತ್ತೇ ಹೋದರೆ ಮನೆಯವರಿಗೆ ಏನೂ ಇಲ್ಲ! ಅವಳು ಊರಿನ ಉಳಿದ ಬಡವರ ಜೊತೆ ನಿಂತು ಪ್ಯಾರಿಷ್‌ನ ಮುಂದೆ ಕೈಚಾಚಬೇಕಿತ್ತು.

ನಾವಿಕರ ಸ್ಥಿತಿ ಸ್ವಲ್ಪ ವಾಸಿ. ಚಾಥಮ್ ಬಂದರಿನಲ್ಲಿ ಅವರ ಸಂಬಳದಿಂದಲೇ ತಿಂಗಳಿಗೆ 6 ಪೆನ್ನಿ ಹಿಡಿದು ಒಂದು ಪೆಟ್ಟಿಗೆಯಲ್ಲಿ ಕೂಡಿಡುತ್ತಿದ್ದರು, ಗಾಯಗೊಂಡವರಿಗೆ ಅದರಿಂದ ನೆರವು.

ಈಗ 1642ಕ್ಕೆ ಬರೋಣ. ಆ ವರ್ಷದ ಅಕ್ಟೋಬರ್ 23ರಂದು ಎಡ್ಜ್‌ಹಿಲ್‌ನಲ್ಲಿ ರಾಜನ ಸೇನೆಗೂ ಪಾರ್ಲಿಮೆಂಟಿನ ಸೇನೆಗೂ ದೊಡ್ಡ ಕಾಳಗವಾಯಿತು. ಅದೇ ತಿಂಗಳಲ್ಲಿ ಪಾರ್ಲಿಮೆಂಟ್ ಒಂದು ಭರವಸೆ ಕೊಟ್ಟಿತು: ನಮ್ಮ ಪರ ಹೋರಾಡಿ ಸತ್ತವರ ಹೆಂಡತಿ ಮಕ್ಕಳನ್ನು ನಾವು ಸಾಕುತ್ತೇವೆ. ಕಾಲಾಳುವಿನ ಸಂಬಳ ದಿನಕ್ಕೆ 8 ಪೆನ್ನಿ, ಅದೂ ತಿಂಗಳುಗಟ್ಟಲೆ ಬಾಕಿ. ಅಂಥ ಸಂಬಳ ನಂಬಿ ಮಕ್ಕಳೊಂದಿಗನನ್ನು ಯುದ್ಧಕ್ಕೆ ಕರೆಯಬೇಕಾದರೆ ಹೀಗೊಂದು ಮಾತು ಕೊಡಲೇಬೇಕಿತ್ತು ಅಂತ ನನಗನ್ನಿಸುತ್ತದೆ. ಆ ಅಂತರ್ಯುದ್ಧದಲ್ಲಿ ಇಂಗ್ಲೆಂಡಿನಲ್ಲಿ ರೋಗವೂ ಸೇರಿ ಸುಮಾರು 2 ಲಕ್ಷ ಜನ ಸತ್ತಿರಬಹುದು ಅನ್ನುವುದು ಇತಿಹಾಸಕಾರರ ಅಂದಾಜು. ಆಗ ದೇಶದ ಜನಸಂಖ್ಯೆಯೇ 50 ಲಕ್ಷದ ಆಸುಪಾಸು.

ಮಾತು ಕೊಟ್ಟರು ಸರಿ, ಹಣ ಕೈಗೆ ಬರುವುದು ಹೇಗೆ? ವಿಧವೆ ಅರ್ಜಿ ಬರೆಸಬೇಕು. ಎಷ್ಟೋ ಹೆಂಗಸರಿಗೆ ಓದು ಬರಹ ಬಾರದು, ಹಾಗಾಗಿ ಬೇರೆಯವರ ಕೈಲಿ ಬರೆಸುತ್ತಿದ್ದರು. ಗಂಡ ಯಾವ ದಳದಲ್ಲಿದ್ದ, ಯಾವ ನಾಯಕನ ಕೆಳಗೆ ಹೋರಾಡಿದ, ಎಲ್ಲಿ ಸತ್ತ, ಮನೆಯಲ್ಲಿ ಎಷ್ಟು ಮಕ್ಕಳು, ಏನೇನು ಮಾರಿಕೊಂಡು ತಿಂದಾಯಿತು, ಎಲ್ಲವನ್ನೂ ಹೇಳಬೇಕು. ಜೊತೆಗೆ ಅವನ ಮೇಲಧಿಕಾರಿಯ ಕಾಗದ, ಊರಿನವರ ಸಹಿ. ಇಷ್ಟನ್ನೂ ಹಿಡಿದುಕೊಂಡು ಮೂರು ತಿಂಗಳಿಗೊಮ್ಮೆ ಕೂಡುವ ಕೌಂಟಿ ನ್ಯಾಯಾಲಯಕ್ಕೆ ನಡೆದು ಹೋಗಬೇಕು. ಆ ಅಧಿಕಾರಿಯೂ ಅದೇ ಕಾಳಗದಲ್ಲಿ ಸತ್ತಿದ್ದರೆ ಕಾಗದ ಕೊಡುವವರು ಯಾರು? ಹೆಣವನ್ನು ಯಾವುದೋ ದೂರದ ಊರಿನ ಗುಂಡಿಯಲ್ಲಿ ಹೂತಿದ್ದರೆ ಸತ್ತನೆಂದು ಸಾಕ್ಷಿ ಹೇಳುವವರು ಯಾರು? ಇಂಥ ಸಾವಿರಾರು ಅರ್ಜಿಗಳು ಇವತ್ತಿಗೂ ಇಂಗ್ಲೆಂಡಿನ ದಾಖಲೆ ಕೋಣೆಗಳಲ್ಲಿವೆ. ಆ ಕಾಲದ ಬಡ ಹೆಂಗಸರ ಬದುಕು ಇಷ್ಟು ಹತ್ತಿರದಿಂದ ಕಾಣುವ ದಾಖಲೆಗಳು ಬಹಳ ಕಡಿಮೆ.

ಲಂಡನ್ನಿನಲ್ಲಿ ಗಾಯಾಳುಗಳಿಗಾಗಿ ಸವಾಯ್ ಮತ್ತು ಈಲಿ ಹೌಸ್ ಅನ್ನುವ ಆಸ್ಪತ್ರೆಗಳನ್ನು ನಡೆಸಿದರು. ಅಲ್ಲಿ ಆರೈಕೆ ಕೆಲಸಕ್ಕೆ ಸೈನಿಕರ ವಿಧವೆಯರಿಗೇ ಮೊದಲ ಆದ್ಯತೆ. ಇದೊಂದು ಒಳ್ಳೆಯ ಏರ್ಪಾಡು, ಅಲ್ವಾ? ಕೂಲಿಯೂ ಸಿಕ್ಕಿತು, ಮರ್ಯಾದೆಯೂ ಉಳಿಯಿತು.

1660ರಲ್ಲಿ ಎಲ್ಲ ತಿರುಗುಮುರುಗಾಯಿತು. ಅಂತರ್ಯುದ್ಧದಲ್ಲಿ ಪಾರ್ಲಿಮೆಂಟಿಗೆ ಸೋತಿದ್ದ ರಾಜನ ಮಗ 2ನೇ ಚಾರ್ಲ್ಸ್ ಪಟ್ಟಕ್ಕೆ ಬಂದ. ಪಾರ್ಲಿಮೆಂಟಿನ ಪರ ಸತ್ತವರ ವಿಧವೆಯರಿಗೆ ಬರುತ್ತಿದ್ದ ಪಿಂಚಣಿ ನಿಂತುಹೋಯಿತು. 1662ರ ಹೊಸ ಕಾಯ್ದೆ ರಾಜನ ಪರ ಹೋರಾಡಿದವರಿಗೆ ಮಾತ್ರ. ಇಷ್ಟು ವರ್ಷ ಬಾಯಿ ಬಿಡಲಾಗದೆ ಕೂತಿದ್ದ ರಾಜಪಕ್ಷದ ವಿಧವೆಯರು ಈಗ ಅರ್ಜಿ ಹಿಡಿದು ಬಂದರು. ಅವರ ಕಷ್ಟ ಸುಳ್ಳಲ್ಲ. ಆದರೆ ಆಚೆ ಬೀದಿಯ ಇನ್ನೊಬ್ಬ ವಿಧವೆಯ ಹಸಿವೂ ಸುಳ್ಳಾಗಿರಲಿಲ್ಲ. ಅವಳ ಗಂಡ ಈಗ ಅಧಿಕಾರ ಕಳೆದುಕೊಂಡ ಪಕ್ಷದವನಾಗಿಬಿಟ್ಟ, ಅಷ್ಟೇ. ಈ ಕಾಯ್ದೆಯೂ 1679ರಲ್ಲಿ ಮುಗಿಯಿತು.

ಆಮೇಲೆ ಬಂದಿದ್ದು ದೊಡ್ಡ ಕಟ್ಟಡಗಳ ಕಾಲ. 1682ರಲ್ಲಿ ಚೆಲ್ಸಿಯಲ್ಲಿ ಮುದಿ ಮತ್ತು ಗಾಯಾಳು ಸೈನಿಕರಿಗಾಗಿ ಆಸ್ಪತ್ರೆ, ಅಂದರೆ ಅವರು ಉಳಿದುಕೊಳ್ಳುವ ಆಶ್ರಯಮನೆ, ಕಟ್ಟಲು ಶುರುಮಾಡಿದರು, ಖರ್ಚಿಗೆ ಸೈನಿಕರ ಸಂಬಳದಲ್ಲೇ ಕಡಿತ. ಆಗ ಒಳಗೆ ಜಾಗ ಇದ್ದಿದ್ದು ಗಂಡಸರಿಗಷ್ಟೇ. 1694ರಲ್ಲಿ ನಾವಿಕರಿಗಾಗಿ ಗ್ರೀನಿಚ್‌ನಲ್ಲಿ ಆಸ್ಪತ್ರೆ ಸ್ಥಾಪಿಸಿದಾಗ ಮಾತ್ರ ವಿಧವೆಯರ ಪೋಷಣೆ, ಮಕ್ಕಳ ಓದು ಎರಡನ್ನೂ ಅದರ ಸನ್ನದಿನಲ್ಲೇ ಸೇರಿಸಿದರು. ಭೂಸೇನೆಯಲ್ಲಿ ಅಧಿಕಾರಿಗಳ ವಿಧವೆಯರಿಗೆ 18ನೇ ಶತಮಾನದ ಆರಂಭದಲ್ಲಿ ಪಿಂಚಣಿ ಸಿಕ್ಕಿತು. ಸಾಮಾನ್ಯ ಸಿಪಾಯಿಯ ವಿಧವೆಗೆ ಸರ್ಕಾರದ ಪಿಂಚಣಿ ಬಂದಿದ್ದು ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಹೊತ್ತಿಗೆ, 1901ರಲ್ಲಿ. ಆಗಲೂ ಸೇನೆಯ ಅನುಮತಿ ಪಡೆದು ಮದುವೆಯಾಗಿದ್ದವರಿಗೆ ಮಾತ್ರ.