ಇ.ಟಿ.ಒ. ಅನಿಲದ ಉಳಿಕೆ ಮತ್ತು ನವಜಾತ ಶಿಶುವಿನ ತೂಕ

ಕ್ಯಾತಿಟರ್, ಉಸಿರಾಟದ ನಳಿಕೆ ಮುಂತಾದ ಪ್ಲಾಸ್ಟಿಕ್ ಸಾಧನಗಳಲ್ಲಿ ಅನೇಕವು ಆಟೋಕ್ಲೇವ್‌ನ ಬಿಸಿ ಉಗಿಯನ್ನು ತಾಳಲಾರವು. ಆದ್ದರಿಂದ ಅವುಗಳನ್ನು ಆಸ್ಪತ್ರೆಗಳಲ್ಲಿ ನಾವು ಇ.ಟಿ.ಒ. ಎಂದು ಕರೆಯುವ ಎಥಿಲೀನ್ ಆಕ್ಸೈಡ್ ಅನಿಲದಿಂದ ಕ್ರಿಮಿಶುದ್ಧಗೊಳಿಸಲಾಗುತ್ತದೆ. ಸೂಕ್ಷ್ಮಜೀವಿಗಳ ಡಿಎನ್‌ಎ ಮತ್ತು ಪ್ರೋಟೀನುಗಳೊಂದಿಗೆ ವರ್ತಿಸಿ ಅವುಗಳನ್ನು ಕೊಲ್ಲುವ ಈ ಅನಿಲ ನಮ್ಮ ಜೀವಕೋಶಗಳನ್ನೂ ಬಿಡುವುದಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲಿಯೇ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಇದರ ಕುದಿಬಿಂದು ಸುಮಾರು 10.7 ಡಿಗ್ರಿ ಸೆಲ್ಸಿಯಸ್ ಆಗಿರುವುದರಿಂದ, ಯಂತ್ರದಿಂದ ಹೊರತೆಗೆದ ಕೂಡಲೇ ಅನಿಲವೆಲ್ಲ ಹಾರಿಹೋಗುತ್ತದೆಂದು ಹಲವರು ಭಾವಿಸುತ್ತಾರೆ. ಆದರೆ ಅದು ಪ್ಲಾಸ್ಟಿಕ್ಕಿನ ಒಳಕ್ಕೂ ಇಳಿದಿರುತ್ತದೆ. ಅದರಲ್ಲಿಯೂ ಪಿವಿಸಿ ಹೆಚ್ಚು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ. 50ರಿಂದ 60 ಡಿಗ್ರಿಯ ಬಿಸಿಗಾಳಿಯಲ್ಲಿ ಏರೇಷನ್‌ಗೆ, ಅಂದರೆ ಗಾಳಿಯಾಡಿಸಿ ಒಳಗಿನ ಅನಿಲವನ್ನು ಹೊರಹಾಕುವುದಕ್ಕೆ, 8ರಿಂದ 12 ಗಂಟೆ ಬೇಕಾದರೆ, ಅದೇ ಪಿವಿಸಿ ನಳಿಕೆಯನ್ನು 20 ಡಿಗ್ರಿಯಲ್ಲಿ ಹಾಗೆಯೇ ಇಟ್ಟಾಗ 7 ದಿನ ಬೇಕು. ವಾರ್ಡಿನಿಂದ ಎಷ್ಟೇ ಒತ್ತಾಯ ಬಂದರೂ ಈ ಅವಧಿಯನ್ನು ಮೊಟಕುಗೊಳಿಸುವ ಅಧಿಕಾರ ಯಾರಿಗೂ ಇರಬಾರದೆಂಬುದು ನನ್ನ ದೃಢ ಅಭಿಪ್ರಾಯ. ಕ್ಲೋರೈಡ್ ಇದ್ದಲ್ಲಿ ಈ ಅನಿಲದಿಂದ ಎಥಿಲೀನ್ ಕ್ಲೋರೋಹೈಡ್ರಿನ್ ಎಂಬ ಇನ್ನೊಂದು ವಿಷವಸ್ತು ಹುಟ್ಟುತ್ತದೆ. ಸುಮಾರು 128 ಡಿಗ್ರಿಯಲ್ಲಿ ಕುದಿಯುವ ಆ ವಸ್ತುವನ್ನು ಏರೇಷನ್‌ನಿಂದ ಹೊರಹಾಕುವುದು ಇನ್ನೂ ಕಷ್ಟ.

ವೈದ್ಯಕೀಯ ಸಾಧನಗಳಲ್ಲಿ ಉಳಿಯುವ ಈ ಅನಿಲದ ಮಿತಿ ಹೇಳುವ ಐಎಸ್‌ಒ 10993-7 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಮೊದಲ 24 ಗಂಟೆಗಳಲ್ಲಿ ಒಂದು ಸಾಧನದಿಂದ ರೋಗಿಯ ದೇಹ ಸೇರುವ ಎಥಿಲೀನ್ ಆಕ್ಸೈಡ್ 4 ಮಿಲಿಗ್ರಾಂ ಮೀರಬಾರದು. 30 ದಿನಗಳವರೆಗಿನ ಬಳಕೆಗೆ ಒಟ್ಟು ಮಿತಿ 60 ಮಿಲಿಗ್ರಾಂ. ಗಮನಿಸಬೇಕಾದುದೆಂದರೆ, ಇವು 70 ಕಿಲೋ ತೂಗುವ ವಯಸ್ಕರ ಲೆಕ್ಕಗಳು. ತೂಕಕ್ಕೆ ತಕ್ಕಂತೆ ಇಳಿಸಿದರೆ 3.5 ಕಿಲೋ ತೂಗುವ ಶಿಶುವಿಗೆ ಮೊದಲ ದಿನದ ಮಿತಿ ಕೇವಲ 0.2 ಮಿಲಿಗ್ರಾಂ ಆಗುತ್ತದೆ, ಅವಧಿಗೆ ಮೊದಲೇ ಹುಟ್ಟಿದ ಮಗುವಿಗೆ ಅದಕ್ಕಿಂತಲೂ ಕಡಿಮೆ. ಅಂತಹ ಮಗುವಿನ ಮೈಗೆ ಹೊಕ್ಕುಳಿನ ಕ್ಯಾತಿಟರ್, ಆಹಾರದ ನಳಿಕೆ, ಐ.ವಿ. ಸೆಟ್ ಎಲ್ಲವೂ ಒಟ್ಟಿಗೇ ಜೋಡಣೆಯಾಗಿರುತ್ತವೆ. ನವಜಾತರು ಮತ್ತು ಶಿಶುಗಳಿಗೆ ಮಿತಿಯನ್ನು ಅನ್ವಯಿಸುವ ಬಗೆಗೆ ಈ ಮಾನದಂಡಕ್ಕೆ ತಿದ್ದುಪಡಿ ಬಂದದ್ದು 2019ರಲ್ಲಿ.

ಇದನ್ನು ಓದಿದ ತಂದೆತಾಯಿಯರು ನಳಿಕೆಯೇ ಬೇಡವೆನ್ನಬಾರದು. ಕ್ರಿಮಿಶುದ್ಧವಲ್ಲದ ಸಾಧನದಿಂದ ತಗಲುವ ಸೋಂಕು ಎಳೆಯ ಮಗುವಿನ ಜೀವವನ್ನು ದಿನಗಳಲ್ಲೇ ತೆಗೆಯಬಲ್ಲದು. ಎಚ್ಚರ ವಹಿಸಬೇಕಾದವರು ಆಸ್ಪತ್ರೆಗೆ ಈ ಸಾಧನಗಳನ್ನು ಖರೀದಿಸುವ ನಾವು. ಉಳಿಕೆಯು ಮಿತಿಯೊಳಗಿದೆ ಎಂಬ ಒಂದು ಸಾಲಿನ ಪ್ರಮಾಣಪತ್ರಕ್ಕೆ ತೃಪ್ತರಾಗದೆ, ಲೆಕ್ಕವನ್ನು ಯಾವ ದೇಹತೂಕಕ್ಕೆ ಮಾಡಲಾಗಿದೆ, ಕ್ರಿಮಿಶುದ್ಧೀಕರಣದ ಎಷ್ಟು ದಿನಗಳ ನಂತರದ ಮಾದರಿಯನ್ನು ಪರೀಕ್ಷಿಸಲಾಗಿದೆ ಮತ್ತು ಅಷ್ಟು ದಿನ ಕಳೆಯುವ ಮೊದಲೇ ಸರಕು ಕಾರ್ಖಾನೆಯಿಂದ ಹೊರಡುತ್ತದೆಯೇ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಬೇಕು.