ತೊಗರಿ ಕುಡಿ ಚೂಟಿದ್ರ ಟೊಂಗಿ ಯಾಕ ಒಡೀತಾವ?

ಆಗಸ್ಟ್ ತಿಂಗಳಾಗ ಆಳಂದ ಕಡೆ ಹೊಂಟ್ರ ತೊಗರಿ ಹೊಲದಾಗ ಹೆಣ್ಮಕ್ಕಳು ಸಾಲ ಹಿಡಿದು ಗಿಡದ ತುದಿ ಚೂಟ್ಕೋತ ಹೋಗೋದು ಕಾಣ್ತದ. ಬಿತ್ತಿ 45-50 ದಿನ ಆಗಿರ್ತದ, ಎರಡು ಇಂಚಿನಷ್ಟು ಎಳೆ ಕುಡಿ ಹೆಬ್ಬೆರಳು ತೋರಬೆರಳ ನಡುವ ಹಿಡಿದು ಚಟ್ ಅಂತ ಮುರಿಯೋದು, ಮುಂದಿನ ಗಿಡ. ಈಗ ಬ್ಯಾಟರಿ ಮಷೀನ್ ಬಂದಾವ ಖರೆ, ಆದ್ರ ನಾನು ಒಂದಿನ ದೊಡ್ಡವ್ವನ ಜೋಡಿ ಕೈಲೇ ಚೂಟಾಕ ಹೋಗಿದ್ದೆ, ಮಧ್ಯಾಹ್ನದೊಳಗ ಉಗುರೆಲ್ಲ ಕರ್ರಗ ಆಗಿ ಎರಡು ದಿನ ಸಾಬಣ ಹಚ್ಚಿದ್ರೂ ಹೋಗಲಿಲ್ಲ. ಚಲೋ ಬೆಳೆಯೋ ಗಿಡದ ತಲಿ ಮುರಿದ್ರ ಕಾಯಿ ಹೆಂಗ ಜಾಸ್ತಿ ಆಗ್ತಾವ ಅಂತ ಕೇಳಿದ್ದಕ್ಕ ದೊಡ್ಡವ್ವ, "ತುದಿಗಿ ಸೊಕ್ಕು ಇರ್ತದಪ್ಪ, ಅದು ಇಳಿದ್ರ ಬಗಲಿನವು ಏಳ್ತಾವ" ಅಂದ್ಲು.

ಈ ಸೊಕ್ಕು ಏನು ಅಂತ ಹುಡುಕಾಕ ವಿಜ್ಞಾನಿಗಳಿಗೆ ನೂರು ವರ್ಷದ ಮ್ಯಾಲೆ ಹಿಡೀತು ನೋಡ್ರಿ.

ಶುರು ಮಾಡಿದ್ದು ಚಾರ್ಲ್ಸ್ ಡಾರ್ವಿನ್, ಮಗ ಫ್ರಾನ್ಸಿಸ್‌ನ ಕಟ್ಕೊಂಡು. ಹುಲ್ಲಿನ ಮೊಳಕಿ ಬೆಳಕಿನ ಕಡೆ ಬಾಗ್ತದಲ್ಲ, ಅದರ ತುದಿಗೆ ಟೋಪಿ ಹಾಕಿದಂಗ ಮುಚ್ಚಿದ್ರ ಬಾಗೋದೇ ಇಲ್ಲ. ಬಾಗೋದು ಕೆಳಗ, ಆದ್ರ ಬೆಳಕು ನೋಡೋದು ತುದಿ. ಅಂದ್ರ ಮ್ಯಾಲಿಂದ ಕೆಳಗ ಏನೋ ಸುದ್ದಿ ಹೋಗ್ತದ ಅಂತ 1880ರಾಗ ಬರದ್ರು. ಆಮ್ಯಾಲ ಡೆನ್ಮಾರ್ಕಿನ ಬಾಯ್ಸನ್ ಯೆನ್ಸನ್ ತುದಿ ಕತ್ತರಿಸಿ ನಡುವ ಜಿಲೆಟಿನ್ ಇಟ್ಟ, ಸುದ್ದಿ ದಾಟಿತು. ಅಭ್ರಕದ ಚೂರು ಇಟ್ಟ, ದಾಟಲಿಲ್ಲ. ಹಂಗಾದ್ರ ಅದು ನೀರಾಗ ಕರಗಿ ಇಳಿಯೋ ವಸ್ತು. 1926ರ ಸುಮಾರಿಗೆ ನೆದರ್ಲೆಂಡ್ಸಿನ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕಿ ತುದಿ ಕತ್ತರಿಸಿ ಅಗರ್ ಅನ್ನೋ ಜೆಲ್ಲಿ ಮ್ಯಾಲ ಇಟ್ಟ, ಬರೇ ಆ ಅಗರ್ ತುಂಡು ತಗೊಂಡು ತುದಿ ಇಲ್ಲದ ಮೊಳಕಿಯ ಒಂದು ಬಾಜೂಕ ಇಟ್ರ ಅದು ಕತ್ತಲಾಗೂ ಬಾಗಿಬಿಡ್ತು. ತುದಿಯಿಂದ ಅಗರ್‌ಗೆ ಇಳಿದ ಆ ವಸ್ತುವೇ ಆಕ್ಸಿನ್, ಗಿಡದ ಬೆಳವಣಿಗೆ ಚೋದಕ.

ಇಲ್ಲಿಂದ ಕಥಿ ಸ್ವಲ್ಪ ನಾರ್ತದ. ಗಿಡದಾಗ ಇದು ಎಷ್ಟು ಕಮ್ಮಿ ಇರ್ತದಂದ್ರ ಬೇರೆ ಮಾಡಿ ತೆಗಿಯೋದು ಆಗಲಾರದ್ದು, ಅದಕ್ಕ ಕೋಗಲ್ ಅನ್ನೋ ರಸಾಯನಶಾಸ್ತ್ರಜ್ಞ ಮನುಷ್ಯರ ಉಚ್ಚಿಯೊಳಗ ಹುಡುಕಿದ! ಮೊದಲು ಆಕ್ಸಿನ್ ಎ, ಆಕ್ಸಿನ್ ಬಿ ಅಂತ ಎರಡು ಸಿಕ್ಕಾವ ಅಂದ್ರು, ಅವನ್ನ ಮತ್ತ ಯಾರಿಗೂ ಹುಡುಕಿ ತೆಗಿಯಾಕ ಆಗಲಿಲ್ಲ. ಖರೆ ಆಕ್ಸಿನ್ ಅಂತ ಉಳಿದದ್ದು 1934ರಾಗ ಅದೇ ಉಚ್ಚಿಯಿಂದ ಸಿಕ್ಕ ಇಂಡೋಲ್ ಅಸಿಟಿಕ್ ಆಸಿಡ್.

ನಮ್ಮ ತೊಗರಿಗೆ ಸಂಬಂಧ ಬರೋದು ಅದಕ್ಕ ಒಂದು ವರ್ಷ ಮೊದಲು ಥೀಮನ್ ಮತ್ತ ಸ್ಕೂಗ್ ಅನ್ನೋ ವಿಜ್ಞಾನಿಗಳು ಮಾಡಿದ ಕೆಲಸದಾಗ. ಬೀನ್ಸ್ ಗಿಡದ ಕುಡಿ ಮುರಿದ್ರು, ಬಗಲಿನ ಮೊಗ್ಗು ಒಡದ್ವು. ಮುರಿದ ಜಾಗಕ್ಕ ಆಕ್ಸಿನ್ ಹಚ್ಚಿದ್ರು, ಕುಡಿ ಇನ್ನೂ ಇದ್ದಂಗ ಮೊಗ್ಗು ಸುಮ್ಮನೆ ಕುಂತ್ವು. ದೊಡ್ಡವ್ವ ಹೇಳಿದ ಸೊಕ್ಕಿಗೆ ಹೆಸರು ಸಿಕ್ತು.

ಗಿಡ ಇದನ್ನ ಟ್ರಿಪ್ಟೊಫಾನ್ ಅನ್ನೋ ಅಮೈನೋ ಆಸಿಡ್‌ನಿಂದ ಎರಡೇ ಹೆಜ್ಜಿಯೊಳಗ ಮಾಡ್ಕೋತದ, ಆದ್ರ ಆ ಎರಡು ಹೆಜ್ಜಿ ಸರಿಯಾಗಿ ಜೋಡಣೆ ಆಗಿದ್ದು 2011ಕ್ಕ. ಎಳೆ ಕುಡಿ, ಎಳೆ ಎಲಿಯೊಳಗ ತಯಾರಿ ಜೋರು. ಅಲ್ಲಿಂದ ಕೆಳಗ ಇಳಿಸಾಕ ಪ್ರತಿ ಜೀವಕೋಶದ ತಳದಾಗ ಪಿನ್ ಅನ್ನೋ ಪ್ರೋಟೀನ್ ಬಾಗಿಲ ಇದ್ದಂಗ ಇರ್ತಾವ, ಆಕ್ಸಿನ್ ಒಳಗ ಬರೋದು ಸಲೀಸು, ಹೊರಗ ಹೋಗಬೇಕಂದ್ರ ಆ ಬಾಗಿಲಾಗೇ ಹೋಗಬೇಕು, ಅದಕ್ಕೇ ಅದರ ದಾರಿ ಮ್ಯಾಲಿಂದ ಕೆಳಗ, ತಾಸಿಗೆ ಸುಮಾರು ಒಂದು ಸೆಂಟಿಮೀಟರ್. ಆಕ್ಸಿನ್ ಜಾಸ್ತಿ ಆದ್ರ ಗಿಡ ಅದಕ್ಕ ಅಮೈನೋ ಆಸಿಡ್ ಅಂಟಿಸಿ ಕಟ್ಟಿ ಇಡ್ತದ ಇಲ್ಲಾ ಕೆಡಿಸಿ ಒಗೀತದ. ಮಜಾ ಏನಂದ್ರ ಕಾಂಡದಾಗ ಇಳಿಯೋ ಆ ಆಕ್ಸಿನ್ ಮೊಗ್ಗಿನೊಳಗ ಹೋಗೋದೇ ಇಲ್ಲ. ಕಾಂಡದಾಗೇ ನಿಂತು ಮೊಗ್ಗು ಎಬ್ಬಿಸೋ ಸೈಟೊಕೈನಿನ್ ಅನ್ನೋ ಚೋದಕದ ತಯಾರಿ ಇಳಸ್ತದ, ಮೊಗ್ಗು ಮಲಗಿಸೋ ಸ್ಟ್ರೈಗೊಲ್ಯಾಕ್ಟೋನ್ ಅನ್ನೋ ಇನ್ನೊಂದು ಚೋದಕ ಏರಸ್ತದ. ಈ ಎರಡನೇದು ಮೊಗ್ಗು ಮಲಗಸ್ತದ ಅಂತ ಗೊತ್ತಾಗಿದ್ದು 2008ರಾಗ, ಅದಕ್ಕ ಮೊದಲು ಅದು ಜೋಳದ ಬೇರಿಗೆ ಬೀಳೋ ಸ್ಟ್ರೈಗಾ ಕಸದ ಬೀಜ ಮೊಳಕಿ ಒಡೆಸೋ ವಸ್ತು ಅಂತ ಹೆಸರಾಗಿತ್ತು.

2014ರಾಗ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಬಟಾಣಿ ಗಿಡದ ಕುಡಿ ಮುರಿದು ಲೆಕ್ಕ ಹಾಕಿದಾಗ ಒಂದು ತಾಳ ಆಗಲಿಲ್ಲ, ದೂರ ಕೆಳಗಿನ ಮೊಗ್ಗಿನ ಬಲ್ಲಿ ಆಕ್ಸಿನ್ ಕಮ್ಮಿ ಆಗೋಕಿಂತ ಮೊದಲೇ ಮೊಗ್ಗು ಎದ್ದುಬಿಟ್ಟಿದ್ವು. ಅಲ್ಲಿಗೆ ಮೊದಲು ಮುಟ್ಟಿದ್ದು ಸಕ್ಕರಿ. ಕುಡಿ ಎಲ್ಲ ತಾನೇ ತಿಂತಿತ್ತು, ಹೋದ ಕೂಡಲೇ ಆ ಸಕ್ಕರಿ ಬಗಲಿಗೆ ಹರೀತು. ಕುಡಿ ಇದ್ದ ಗಿಡಕ್ಕೂ ಸಕ್ಕರಿ ಕೊಟ್ಟು ನೋಡಿದ್ರು, ಮೊಗ್ಗು ಎದ್ವು. ಆಕ್ಸಿನ್ ಕೆಲಸ ಸುಳ್ಳಲ್ಲ, ಆಮ್ಯಾಲಿನದು. ನನಗ ಕೇಳಿದ್ರ ಸೊಕ್ಕಿಗಿಂತ ಇದು ಹೊಟ್ಟಿಬಾಕತನ.

ಇನ್ನ ಅಂಗಡಿಯೊಳಗ ಸಿಗೋ ಟಾನಿಕ್. ತೊಗರಿ ಹೂ ಉದುರಬಾರದು ಅಂತ ಹೊಡಿಯೋ ಎನ್‌ಎಎ ಆಕ್ಸಿನ್ ಜಾತೀದು, ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ ಅನ್ನೋ ಟಾನಿಕ್‌ನಾಗೂ ಪೋಷಕಾಂಶದ ಜೋಡಿ ಬೆಳವಣಿಗೆ ಚೋದಕ ಅದ, ಈ ಚೋದಕದ ಅಳತಿ ಎಲ್ಲಾ ಪಿಪಿಎಂ ಲೆಕ್ಕದಾಗ, ಅಂದ್ರ ಹತ್ತು ಲಕ್ಷ ಪಾಲಿನಾಗ ಎಷ್ಟು ಪಾಲು ಅಂತ. ಅದೇ ಜಾತಿಯ ಇನ್ನೊಂದು 1940ರ ದಶಕದಾಗ ಹುಟ್ಟಿದ ಕಳೆನಾಶಕ 2,4-ಡಿ, ಅಗಲ ಎಲಿ ಗಿಡಕ್ಕ ಅಳತಿ ಮೀರಿ ಆಕ್ಸಿನ್ ಕೊಟ್ಟು ಕೊಲ್ಲೋದು. ಹೋದ ವರ್ಷ ಬಾಜೂ ಹೊಲದವರು ಜೋಳಕ್ಕ ಇದನ್ನ ಹೊಡೆದ ದಿನ ಗಾಳಿ ನಮ್ಮ ಕಡೆ ಇತ್ತು. ಮೂರನೇ ದಿನ ಬದುವಿನ ಬಾಜೂಕ ನಾಲ್ಕು ಸಾಲು ತೊಗರಿ ಕುಡಿ ಕೊಕ್ಕಿಯಂಗ ಬಾಗಿ, ಎಲಿ ಮುರುಟಿ ನಿಂತಿದ್ವು. ಯಾವುದೋ ರೋಗ ಅಂತ ತಿಳಿದು ದೊಡ್ಡವ್ವ ಮತ್ತೊಂದು ಬಾಟ್ಲಿ ಔಷಧ ತರಸಾಕ ಹೊಂಟಿದ್ಲು.