ಚೀಟಿ ಕೈಗೆ ಬಂದ ಕೂಡಲೇ ಎದ್ದು ಹೋಗಬೇಡಿ

ನಾನು ಕೆಲಸ ಮಾಡುವ ಕಡೆ ಡಾಕ್ಟರು ಕಡಿಮೆ, ಕಾಯಿಲೆಯವರು ಜಾಸ್ತಿ. ಹೊರಗೆ ಬೆಂಚು ಯಾವಾಗಲೂ ತುಂಬಿರುತ್ತದೆ. ಒಬ್ಬೊಬ್ಬರಿಗೆ ನಾಲ್ಕೈದು ನಿಮಿಷ ಸಿಕ್ಕರೆ ಅದೇ ದೊಡ್ಡದು. ಆ ನಾಲ್ಕೈದು ನಿಮಿಷ ಪ್ರತಿ ಸಲ ಒಂದೇ ಥರ ಮುಗಿಯುತ್ತದೆ. ನಾನು ಚೀಟಿ ಬರೆದು ಪೆನ್ನು ಕೆಳಗಿಡುವಷ್ಟರಲ್ಲಿ ಎದುರಿಗೆ ಕೂತವರು ಎದ್ದಾಗಿರುತ್ತದೆ. 'ಸ್ವಲ್ಪ ಕೂತ್ಕೊಳ್ಳಿ' ಅಂದರೆ ಗಾಬರಿಯಾಗುತ್ತಾರೆ. ಏನೋ ಕೆಟ್ಟ ಸುದ್ದಿ ಹೇಳುತ್ತಾರೆ ಅಂದುಕೊಳ್ಳುತ್ತಾರೆ.

ಕೆಟ್ಟ ಸುದ್ದಿ ಏನೂ ಇರುವುದಿಲ್ಲ. ಆ ಭೇಟಿಯಲ್ಲಿ ಆಗಲೇಬೇಕಾದ ಒಂದು ಮಾತು ಬಾಕಿ ಇರುತ್ತದೆ, ಅಷ್ಟೇ. ಅದನ್ನು ನೀವೇ ಕೇಳಬೇಕು ಅನ್ನುವುದು ನನ್ನ ಆಸೆ. 'ಡಾಕ್ಟ್ರೇ, ಇದು ಎಷ್ಟು ದಿನದಲ್ಲಿ ಕಡಿಮೆ ಆಗಬೇಕು? ಆಗದಿದ್ದರೆ ಯಾವಾಗ ವಾಪಸ್ ಬರಲಿ? ಏನು ಕಂಡರೆ ಕಾಯದೆ ಹೊರಡಬೇಕು?'

ಇದನ್ನು ಡಾಕ್ಟರೇ ತಾನಾಗಿ ಹೇಳಬೇಕಲ್ವಾ ಅಂತ ನೀವು ಕೇಳಬಹುದು. ಹೌದು, ಹೇಳಬೇಕು. ಎಷ್ಟೋ ಸಲ ಹೇಳುವುದಿಲ್ಲ. ಹೊರಗಿನ ಸಾಲು ನೋಡಿ ನಾನೂ ಬಿಟ್ಟಿದ್ದೇನೆ, ಆಮೇಲೆ ರಾತ್ರಿ ನೆನಪಾಗಿ ನಿದ್ದೆ ಕೆಟ್ಟಿದ್ದೇನೆ. ತಪ್ಪು ನಮ್ಮದೇ. ಆದರೆ ಮಧ್ಯರಾತ್ರಿ ರೋಗಿಯ ಪಕ್ಕದಲ್ಲಿ ಇರುವವರು ನೀವು, ನಾನಲ್ಲ. ಅದಕ್ಕೇ ಈ ಪ್ರಶ್ನೆ ನಿಮ್ಮ ಬಾಯಲ್ಲಿ ಇರಲಿ ಅನ್ನುತ್ತೇನೆ.

ಜನ ಎಲ್ಲಿ ತಪ್ಪು ತಿಳಿದುಕೊಳ್ಳುತ್ತಾರೆ ಅಂದರೆ, ಡಾಕ್ಟರು ಒಮ್ಮೆ ನೋಡಿದರೆ ಕಾಯಿಲೆ ಯಾವುದು ಅಂತ ಅಲ್ಲೇ ತೀರ್ಮಾನ ಆಗಿಬಿಡುತ್ತದೆ ಅನ್ನುವ ನಂಬಿಕೆಯಲ್ಲಿ. ಬಹಳ ಕಾಯಿಲೆಗಳಲ್ಲಿ ಹಾಗೆ ಆಗುವುದಿಲ್ಲ. ಮೊದಲ ದಿನ ಹತ್ತು ಕಾಯಿಲೆಗಳು ಒಂದೇ ಥರ ಕಾಣುತ್ತವೆ. ಜ್ವರ, ಮೈಕೈ ನೋವು, ಸುಸ್ತು, ವಾಂತಿ. ಯಾವುದು ಯಾವುದು ಅಂತ ಬೇರೆಯಾಗುವುದು ಎರಡನೇ ದಿನ, ಮೂರನೇ ದಿನ. ಲ್ಯಾಬು, ಸ್ಕ್ಯಾನು ಹತ್ತಿರ ಇಲ್ಲದ ಕಡೆ ನನ್ನ ಕೈಯಲ್ಲಿರುವ ದೊಡ್ಡ ಪರೀಕ್ಷೆ ಸಮಯವೇ. ಅದೇ ರೋಗಿ ಎರಡನೇ ಸಲ ಬಂದರೆ ಮಾತ್ರ ಆ ಪರೀಕ್ಷೆಯ ಫಲಿತಾಂಶ ನನಗೆ ಸಿಗುತ್ತದೆ.

ಅಪೆಂಡಿಕ್ಸಿನ ನೋವನ್ನೇ ತೆಗೆದುಕೊಳ್ಳಿ. ಅದು ಸಾಮಾನ್ಯವಾಗಿ ಹೊಕ್ಕಳಿನ ಸುತ್ತ ಶುರುವಾಗುತ್ತದೆ. ಊಟ ಸೇರುವುದಿಲ್ಲ, ಹೊಟ್ಟೆ ತೊಳೆಸುತ್ತದೆ. ಕೆಲವು ಗಂಟೆ ಕಳೆದ ಮೇಲೆ, ಹೆಚ್ಚಾಗಿ ಒಂದು ದಿನದೊಳಗೆ, ನೋವು ಕೆಳಹೊಟ್ಟೆಯ ಬಲಭಾಗಕ್ಕೆ ಇಳಿಯುತ್ತದೆ. ಎಲ್ಲರಲ್ಲೂ ಹೀಗೇ ಆಗುತ್ತದೆ ಅಂತಲ್ಲ. ಚಿಕ್ಕ ಮಕ್ಕಳಲ್ಲಿ, ವಯಸ್ಸಾದವರಲ್ಲಿ, ಗರ್ಭಿಣಿಯರಲ್ಲಿ ಬೇರೆ ಥರ ಇರಬಹುದು. ಆದರೆ ನೋವು ಶುರುವಾದ ಮೂರನೇ ಗಂಟೆಗೆ ನೋಡಿದ ಡಾಕ್ಟರು 'ಅಜೀರ್ಣ ಇರಬಹುದು' ಅಂದರೆ ಅವರು ದಡ್ಡರು ಅಂತ ಅರ್ಥವಲ್ಲ. ಆ ಹೊತ್ತಿಗೆ ಹೊಟ್ಟೆ ಮುಟ್ಟಿದರೆ ಸಿಗುವುದು ಅಷ್ಟೇ.

ಒಬ್ಬ ಹುಡುಗ ನನ್ನ ಹತ್ತಿರ ಬಂದಾಗ ಹೊಟ್ಟೆನೋವಿಗೆ ಮೂರನೇ ದಿನ. ನಾನು ಮೂರನೇ ಡಾಕ್ಟರು. ಮೊದಲ ದಿನ ಒಬ್ಬರಿಗೆ ತೋರಿಸಿದ್ದರು. ಸಂಜೆಗೂ ನೋವು ಹೋಗಲಿಲ್ಲ. 'ಇವರಿಗೆ ಗೊತ್ತಾಗಲಿಲ್ಲ' ಅಂತ ಮರುದಿನ ಇನ್ನೊಬ್ಬರ ಹತ್ತಿರ ಕರೆದುಕೊಂಡು ಹೋದರು. ಮೊದಲು ತೋರಿಸಿದ್ದನ್ನು ಅವರಿಗೆ ಹೇಳಲೇ ಇಲ್ಲ. ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಹೆದರಿಕೆ. ಅವರೂ ಹೊಸ ಹೊಟ್ಟೆನೋವು ಅಂತ ನೋಡಿದರು. ನೋವಿಗೆ ಇಂಜೆಕ್ಷನ್ ಕೊಟ್ಟರು. ರಾತ್ರಿ ಹುಡುಗ ಮಲಗಿದ. ಮೂರನೇ ದಿನ ಅವನ ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಒಳಗೆ ಅಪೆಂಡಿಕ್ಸ್ ಒಡೆದಿತ್ತು. ಆಪರೇಷನ್ ಆಗಿ ಉಳಿದುಕೊಂಡ, ಆದರೆ ಹಲವು ವಾರ ನರಳಿದ.

ಆ ತಂದೆ ಇವತ್ತಿಗೂ ಮೊದಲ ಡಾಕ್ಟರನ್ನು ಬೈಯುತ್ತಾರೆ. ಆದರೆ ಆ ಹುಡುಗನ ನೋವು ಜಾಗ ಬದಲಿಸಿದ್ದನ್ನು ನೋಡುವ ಅವಕಾಶ ಯಾವ ಡಾಕ್ಟರಿಗೂ ಸಿಗಲಿಲ್ಲ. ಮೂವರೂ ತಮ್ಮ ತಮ್ಮ ಮೊದಲ ದಿನವನ್ನೇ ನೋಡಿದೆವು. ಅವನು ಎರಡನೇ ದಿನ ಮೊದಲ ಡಾಕ್ಟರ ಹತ್ತಿರವೇ ಹೋಗಿದ್ದರೆ, ಹೊಟ್ಟೆ ಮುಟ್ಟಿದ ಕೂಡಲೇ 'ನಿನ್ನೆ ಇಲ್ಲಿ ನೋವಿರಲಿಲ್ಲ' ಅಂತ ಅವರಿಗೆ ತಿಳಿಯುತ್ತಿತ್ತು. ನನಗಿಂತ ಕಡಿಮೆ ಓದಿದವರಿಗೂ ಅದು ತಿಳಿಯುತ್ತಿತ್ತು.

ಡಾಕ್ಟರನ್ನು ಬದಲಾಯಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲೂ ಸರಿಯಾಗಿ ಮುಟ್ಟಿ ನೋಡದೆ ಔಷಧಿ ಬರೆಯುವವರು ಇದ್ದಾರೆ. ಪ್ರಶ್ನೆ ಕೇಳಿದರೆ ರೇಗುವವರು ಇದ್ದಾರೆ. ವಾಪಸ್ ಹೋದಾಗ ರೋಗಿಯನ್ನು ಮತ್ತೆ ಪರೀಕ್ಷೆ ಮಾಡದೆ ಮೊದಲಿನ ಚೀಟಿಯನ್ನೇ ಇನ್ನೊಂದು ಸಲ ಬರೆದರೆ, ಖಂಡಿತ ಬೇರೆಯವರ ಹತ್ತಿರ ಹೋಗಿ. ಹೋಗುವಾಗ ಹಳೇ ಚೀಟಿ, ಮಾತ್ರೆಯ ಪಟ್ಟಿ ಎಲ್ಲ ಜೊತೆಗಿರಲಿ. 'ಬಿಳಿ ಮಾತ್ರೆ ಕೊಟ್ಟಿದ್ರು' ಅಂದರೆ ನಮಗೆ ಏನೂ ಗೊತ್ತಾಗುವುದಿಲ್ಲ. ಮೊದಲೇ ಇನ್ನೊಬ್ಬರಿಗೆ ತೋರಿಸಿದ್ದೀರಿ ಅಂದರೆ ನನಗೆ ಬೇಜಾರಾಗುವುದಿಲ್ಲ. ಅವರು ನೋಡಿದ್ದು ನನಗೆ ಅರ್ಧ ಕೆಲಸ ಉಳಿಸುತ್ತದೆ.

ಎದೆನೋವಿನಲ್ಲೂ ಇದೇ ಕಥೆ. ಹೃದಯಾಘಾತ ಶುರುವಾದ ಮೊದಲ ಹೊತ್ತಿನಲ್ಲಿ ತೆಗೆದ ಇಸಿಜಿ ಸರಿಯಾಗಿಯೇ ಕಾಣಬಹುದು. ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಕಾಣುವ ಟ್ರೋಪೋನಿನ್ ಅನ್ನುವ ಅಂಶ ಏರಲು ಕೆಲವು ಗಂಟೆ ಬೇಕು. ಅದಕ್ಕೇ ಆಸ್ಪತ್ರೆಗಳಲ್ಲಿ ಎರಡನ್ನೂ ಮತ್ತೆ ಮತ್ತೆ ಮಾಡುತ್ತಾರೆ. ಒಂದು ಇಸಿಜಿ ನಾರ್ಮಲ್ ಬಂತು ಅಂತ ಆ ಕಾಗದವನ್ನು ಜೇಬಲ್ಲಿಟ್ಟುಕೊಂಡು, ನೋವು ಇನ್ನೂ ಇರುವಾಗಲೇ ಮನೆಗೆ ಹೋದವರನ್ನು ನೋಡಿದ್ದೇನೆ. ಆ ಕಾಗದ ಅದನ್ನು ತೆಗೆದ ಕ್ಷಣದ ವಿಷಯ ಮಾತ್ರ ಹೇಳುತ್ತದೆ. ನೋವು ಮುಂದುವರಿದರೆ, ಬೆವರು ಬಂದರೆ, ಉಸಿರು ಕಟ್ಟಿದರೆ ಮತ್ತೆ ಹೋಗಬೇಕು. 'ಈಗಷ್ಟೇ ತೆಗೆದಿದ್ದಾರಲ್ಲ' ಅಂತ ಕೂರಬಾರದು.

ಇನ್ನು ಡೆಂಗಿ. ಇದರ ಬಗ್ಗೆ ನಾನು ಎಷ್ಟು ಸಲ ಹೇಳಿದರೂ ಸಾಲದು. ಡೆಂಗಿಯಲ್ಲಿ ಅಪಾಯ ಬರುವುದು ಜ್ವರ ಜೋರಾಗಿರುವಾಗ ಅಲ್ಲ, ಜ್ವರ ಇಳಿಯುವಾಗ. ಸಾಮಾನ್ಯವಾಗಿ ಮೂರನೇ ದಿನದಿಂದ ಏಳನೇ ದಿನದ ನಡುವೆ ಜ್ವರ ಬಿಡುತ್ತದೆ. ಕೆಲವರಲ್ಲಿ ಆಗ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರಲು ಶುರುವಾಗುತ್ತದೆ. ಬಿಪಿ ಕುಸಿಯಬಹುದು. 24ರಿಂದ 48 ಗಂಟೆಯ ಆ ಸಮಯವನ್ನು ದಾಟಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಆದರೆ ಮನೆಯವರು ಅದೇ ಹೊತ್ತಿಗೆ ನಿರಾಳವಾಗಿರುತ್ತಾರೆ. ಥರ್ಮಾಮೀಟರ್ ಒಳಗೆ ಎತ್ತಿಟ್ಟಿರುತ್ತಾರೆ. ಮತ್ತೆ ಬರಬೇಕಾದ ದಿನ ಬರುವುದೇ ಇಲ್ಲ.

ಒಬ್ಬ ತಾಯಿ ತನ್ನ ಮಗನನ್ನು ಸಂಜೆ ಕರೆತಂದಿದ್ದರು. 20 ದಾಟಿದ ಗಟ್ಟಿಮುಟ್ಟಾದ ಹುಡುಗ. ನಾಲ್ಕು ದಿನ ಜ್ವರ ಇತ್ತು, ಐದನೇ ದಿನ ಬೆಳಗ್ಗೆ ಬಿಟ್ಟಿತು. ಮಧ್ಯಾಹ್ನದಿಂದ ಹೊಟ್ಟೆನೋವು, ಪದೇ ಪದೇ ವಾಂತಿ. ಮಾತ್ರೆಗಳ ಉಷ್ಣ ಇರಬಹುದು ಅಂದುಕೊಂಡರಂತೆ. ನಾನು ಕೈ ಮುಟ್ಟಿದಾಗ ತಣ್ಣಗಿತ್ತು. ನಾಡಿ ಸಣ್ಣಗೆ ಓಡುತ್ತಿತ್ತು. ಡ್ರಿಪ್ ಹಾಕಿ ದೊಡ್ಡ ಆಸ್ಪತ್ರೆಗೆ ಕಳಿಸಿದೆವು, ಬದುಕಿದ. ಆ ತಾಯಿ ನನ್ನನ್ನು ಕೇಳಿದ್ದು ಒಂದೇ ಮಾತು. 'ಜ್ವರ ಬಿಟ್ಟಿತ್ತಲ್ಲ ಡಾಕ್ಟ್ರೇ?' ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಯಾರೂ ಅವರಿಗೆ ಹೇಳಿರಲಿಲ್ಲ, ಅವರು ಯಾರನ್ನೂ ಕೇಳಿರಲಿಲ್ಲ. 'ಜ್ವರ ಬಿಟ್ಟ ಮೇಲೂ ಎರಡು ದಿನ ಹುಷಾರು, ಹೊಟ್ಟೆನೋವು, ವಾಂತಿ, ವಸಡಿನಲ್ಲಿ ರಕ್ತ, ಮಂಕು ಇದರಲ್ಲಿ ಯಾವುದು ಕಂಡರೂ ಹೊರಡಿ' ಅನ್ನುವ ಒಂದು ಸಾಲು ಚೀಟಿಯ ಹಿಂದೆ ಇದ್ದಿದ್ದರೆ ಮಧ್ಯಾಹ್ನವೇ ಬರುತ್ತಿದ್ದರು. ಅಂದ ಹಾಗೆ, ಡೆಂಗಿಯ ಸಂಶಯ ಇರುವಾಗ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್ ಬೇಡ, ಅವು ರಕ್ತಸ್ರಾವ ಹೆಚ್ಚಿಸಬಹುದು. ಬೇರೆ ಕಾಯಿಲೆಗೆ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

'ಒಂದು ಇಂಜೆಕ್ಷನ್ ಹಾಕಿಬಿಡಿ, ಬೇಗ ವಾಸಿಯಾಗಲಿ' ಅನ್ನುವ ಬೇಡಿಕೆಯ ತೊಂದರೆಯೂ ಇಲ್ಲೇ ಇದೆ. ಡಾಕ್ಟರು ಕಡಿಮೆ ಇರುವ ಕಡೆ ಈ ಬೇಡಿಕೆ ಜೋರು. ಅಷ್ಟು ದೂರದಿಂದ ಬಂದವರಿಗೆ ಮತ್ತೆ ಬರುವುದು ಕಷ್ಟ, ನನಗೆ ಅರ್ಥವಾಗುತ್ತದೆ. ಆದರೆ ಕೆಲವರು ಕೊಡುವ ಆ ಇಂಜೆಕ್ಷನ್‌ನಲ್ಲಿ ಸ್ಟೀರಾಯ್ಡ್ ಇರುತ್ತದೆ. ಜ್ವರ ಇಳಿಯುತ್ತದೆ, ನೋವು ಮಾಯ, ಹಸಿವೂ ಆಗುತ್ತದೆ. ಕಾಯಿಲೆ ಮಾತ್ರ ಒಳಗೆ ತನ್ನ ದಾರಿಯಲ್ಲಿ ನಡೆಯುತ್ತಿರುತ್ತದೆ. ವಾಪಸ್ ಬರಬೇಕು ಅಂತ ದೇಹ ಕೊಡುವ ಸೂಚನೆಯೇ ಅಳಿಸಿಹೋಗುತ್ತದೆ. ಸ್ಟೀರಾಯ್ಡ್ ಕೆಟ್ಟ ಔಷಧಿ ಅಲ್ಲ, ಬೇಕಾದ ಕಡೆ ಜೀವ ಉಳಿಸುತ್ತದೆ. ಯಾವ ಇಂಜೆಕ್ಷನ್, ಯಾಕೆ ಅಂತ ಕೇಳಿ ಹೆಸರು ಬರೆಸಿಕೊಳ್ಳಿ. ಅದು ನಿಮ್ಮ ಹಕ್ಕು.

1971ರಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಅನ್ನುವ ಡಾಕ್ಟರು, ವೇಲ್ಸ್‌ನ ಗಣಿ ಕಾರ್ಮಿಕರ ಒಂದು ಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದವರು, ಒಂದು ವಿಷಯ ಬರೆದರು. ಒಳ್ಳೆಯ ಚಿಕಿತ್ಸೆ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಕಡಿಮೆ ಸಿಗುತ್ತದೆ ಅಂತ. ಈಗಲೂ ಅದು ನಿಜ. ಇದನ್ನು ಸರಿಮಾಡುವ ಹೊಣೆ ರೋಗಿಗಳದ್ದಲ್ಲ. ನಾನು ಇಲ್ಲಿ ಹೇಳುತ್ತಿರುವುದು ಅದು ಸರಿಯಾಗುವವರೆಗೆ ಹೇಗೆ ಅನ್ನುವುದು ಮಾತ್ರ.

ಅದೇ ವರ್ಷ ಬಾಂಗ್ಲಾದೇಶದ ಯುದ್ಧದ ಸಮಯದಲ್ಲಿ ನಮ್ಮ ಪಶ್ಚಿಮ ಬಂಗಾಳದ ಬೊಂಗಾವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ಡಾಕ್ಟರು ಸಾಲದು, ಸಲೈನ್ ಬಾಟಲಿ ಸಾಲದು. ಅಲ್ಲಿದ್ದ ಡಾ. ದಿಲೀಪ್ ಮಹಲನಬಿಸ್ ಉಪ್ಪು ಸಕ್ಕರೆಯ ದ್ರಾವಣವನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟರು. ಅವರೇ ಪಕ್ಕದಲ್ಲಿ ಕೂತು ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಇವತ್ತು ನಾವು ಓಆರ್‌ಎಸ್ ಅನ್ನುವುದು ಅದನ್ನೇ. ನನಗೆ ಈ ಘಟನೆ ಬಹಳ ಇಷ್ಟ. ಮನೆಯವರನ್ನು ನಂಬಿದರೆ, ಏನು ಮಾಡಬೇಕು ಅಂತ ಸರಿಯಾಗಿ ಹೇಳಿಕೊಟ್ಟರೆ, ಅವರು ಮಾಡುತ್ತಾರೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಟೀ ಚಮಚ ಉಪ್ಪು. ಉಪ್ಪು ಜಾಸ್ತಿ ಆಗಬಾರದು, ಮಗುವಿಗಂತೂ ಅದು ಅಪಾಯ.

ಕಾಯುವುದು, ವಾಪಸ್ ಬರುವುದು ಅಂತ ಇಷ್ಟು ಹೇಳಿದೆ. ಕಾಯಲೇಬಾರದ ವಿಷಯಗಳೂ ಇವೆ. ಬಾಯಿ ಓರೆಯಾಗುವುದು, ಒಂದು ಕೈ ಬಿದ್ದುಹೋಗುವುದು, ಮಾತು ತೊದಲುವುದು ಇವು ಸ್ಟ್ರೋಕಿನ ಗುರುತು. ರಕ್ತದ ಗಡ್ಡೆ ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದೂ ತಲೆಯ ಸ್ಕ್ಯಾನ್ ಆದ ಮೇಲೆ. ಆದ್ದರಿಂದ ನನ್ನಂಥವರ ಕ್ಲಿನಿಕ್ಕಿನ ಮುಂದೆ ಗಾಡಿ ನಿಲ್ಲಿಸಬೇಡಿ, ಸೀದಾ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ಅದು ಎಲ್ಲಿದೆ ಅನ್ನುವುದು ಮನೆಯವರಿಗೆಲ್ಲ ಇವತ್ತೇ ಗೊತ್ತಿರಲಿ. ಅಲ್ಲಿ ಮೊದಲು ಕೇಳುವುದು, ರೋಗಿ ಸರಿಯಾಗಿದ್ದುದನ್ನು ಕೊನೆಗೆ ನೋಡಿದ್ದು ಎಷ್ಟು ಗಂಟೆಗೆ ಅಂತ. ಹಾವು ಕಚ್ಚಿದಾಗಲೂ ಹಾಗೇ. ಕಟ್ಟುವುದು, ಕೊಯ್ಯುವುದು ಬೇಡ. ಆ ಕೈಯನ್ನೋ ಕಾಲನ್ನೋ ಅಲ್ಲಾಡಿಸದೆ ಹೊರಡಿ.

ಮಕ್ಕಳ ವಿಷಯದಲ್ಲಿ ನಾನು ಎಲ್ಲ ತಾಯಂದಿರಿಗೂ ಒಂದು ಕೆಲಸ ಕಲಿಸಲು ನೋಡುತ್ತೇನೆ. ಉಸಿರು ಎಣಿಸುವುದು. ಮಗು ಅಳದೆ ಸುಮ್ನೆ ಇರುವಾಗ ಅಂಗಿ ಎತ್ತಿ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ. ಎರಡು ತಿಂಗಳಿಗಿಂತ ಚಿಕ್ಕ ಮಗುವಿಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದನ್ನು ವೇಗದ ಉಸಿರು ಅನ್ನುತ್ತೇವೆ. ಕೆಮ್ಮಿರುವ ಮಗುವಿಗೆ ಹಾಗಿದ್ದರೆ ನ್ಯುಮೋನಿಯಾ ಇರಬಹುದು. ಸಂಖ್ಯೆ ಕಡಿಮೆ ಬಂದರೂ ಮಗು ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಗೆ ಹೋದರೆ ಎಣಿಸುತ್ತಾ ಕೂರಬೇಡಿ, ಹೊರಡಿ.

14 ತಿಂಗಳ ಮೊಮ್ಮಗುವನ್ನು ಕೆಮ್ಮಿಗೆ ತೋರಿಸಿಕೊಂಡು ಹೋಗಿದ್ದ ಅಜ್ಜಿಯೊಬ್ಬರಿಗೆ ಇದನ್ನು ಹೇಳಿಕೊಟ್ಟಿದ್ದೆ. ಅವತ್ತು ಮಗುವಿನ ಉಸಿರು ಸರಿಯಾಗಿಯೇ ಇತ್ತು. ಮೂರನೇ ರಾತ್ರಿ ಫೋನ್ ಮಾಡಿದರು. 'ಡಾಕ್ಟ್ರೇ, ಮೊದಲ ಸಲ 54 ಬಂತು. ನಂಗೇ ಅನುಮಾನ ಬಂದು ಇನ್ನೊಂದ್ಸಲ ಎಣಿಸಿದೆ, 51 ಬಂತು. ಯಾವುದನ್ನ ಲೆಕ್ಕಕ್ಕೆ ತಗೊಳ್ಳಲಿ?' ಎರಡೂ 40 ದಾಟಿದೆ ಅಜ್ಜಿ, ಹೊರಡಿ, ನಾನು ಆಸ್ಪತ್ರೆಗೆ ಹೇಳಿಡುತ್ತೇನೆ ಅಂದೆ.